ನಾಡ್ಯೂಲ್ ಅಂದರೆ ಗಡ್ಡೆಯೋ, ಗಂಟೋ? ಸರಿಯಾದ ಪದ ಆರಿಸುವ ಬಗೆ

ಒಂದು ಸಂಜೆ ಚಿಕ್ಕಮ್ಮನ ಫೋನ್ ಬಂತು. ಅವರಿಗೆ ಕುತ್ತಿಗೆಯ ಸ್ಕ್ಯಾನ್ ಆಗಿತ್ತು. ರಿಪೋರ್ಟನ್ನು ಯಾರೋ ಓದಿ ಕನ್ನಡದಲ್ಲಿ ಹೇಳಿದ್ದರು. "ಥೈರಾಯ್ಡ್‌ನಲ್ಲಿ ಗಡ್ಡೆ ಇದೆಯಂತೆ ಕಣೋ" ಎಂದವರು ಮುಂದೆ ಮಾತಾಡಲಿಲ್ಲ. ರಿಪೋರ್ಟಿನ ಫೋಟೋ ಕಳಿಸಿ ಚಿಕ್ಕಮ್ಮ ಅಂದೆ. ನೋಡಿದರೆ ಅಲ್ಲಿದ್ದದ್ದು 6 ಮಿಲಿಮೀಟರಿನ ಒಂದು ನಾಡ್ಯೂಲ್. ಪಕ್ಕದಲ್ಲೇ 'ಬಿನೈನ್' ಅಂತಲೂ ಬರೆದಿತ್ತು. ಅಪಾಯವಿಲ್ಲದ್ದು ಅಂತ ಅದರ ಅರ್ಥ. ಆದರೆ ಆ ಮನೆಯಲ್ಲಿ ಎರಡು ರಾತ್ರಿ ಯಾರೂ ಸರಿಯಾಗಿ ಮಲಗಿರಲಿಲ್ಲ.

ತಪ್ಪು ರಿಪೋರ್ಟಿನದಲ್ಲ. ಓದಿ ಹೇಳಿದವರ ಮನಸ್ಸೂ ಒಳ್ಳೆಯದೇ. ತಪ್ಪಾದದ್ದು ಒಂದೇ ಒಂದು ಪದದಲ್ಲಿ. ಇಂಗ್ಲಿಷಿನಲ್ಲಿ ಸಣ್ಣ ಉಬ್ಬಿಗೆ, ಸಣ್ಣ ಗಂಟಿಗೆ ಹತ್ತಾರು ಹೆಸರುಗಳಿವೆ. ನಾಡ್ಯೂಲ್, ನೋಡ್, ಲಂಪ್, ಬಂಪ್, ನಾಬ್, ನಬ್, ಕ್ಲಾಡ್, ನಗೆಟ್, ಸಿಸ್ಟ್ ಹೀಗೆ. ಡಿಕ್ಷನರಿಯಲ್ಲಿ ಇವೆಲ್ಲ ಒಂದರ ಪಕ್ಕ ಒಂದು ಸಮಾನಾರ್ಥಕ ಅಂತ ಕೂತಿರುತ್ತವೆ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಸುಮ್ನೆ ಇಟ್ಟರೆ ಆಗುವುದಿಲ್ಲ. ಈ ಬರಹ ನಾಡ್ಯೂಲ್ ಪದವನ್ನು ನಡುವೆ ಇಟ್ಟುಕೊಂಡಿದೆ. ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು, ಕನ್ನಡದಲ್ಲಿ ಹೇಗೆ ಹೇಳಬೇಕು ಅಂತ ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಮೊದಲು ಪದವನ್ನು ಬಿಡಿಸಿ ನೋಡಿ

ಲ್ಯಾಟಿನ್ ಭಾಷೆಯಲ್ಲಿ 'ನೋಡುಸ್' ಅಂದರೆ ಗಂಟು. ಹಗ್ಗಕ್ಕೆ ಹಾಕುವ ಗಂಟು. ಅದಕ್ಕೆ 'ಪುಟ್ಟದು' ಎಂಬ ಅರ್ಥ ಕೊಡುವ ಬಾಲ ಸೇರಿ 'ನೋಡುಲುಸ್' ಆಯಿತು. ಅದೇ ಇಂಗ್ಲಿಷಿಗೆ ಬಂದು ನಾಡ್ಯೂಲ್ ಆಗಿದೆ. ಹಾಗಾಗಿ ಈ ಪದದ ಮೂಲ ಅರ್ಥ 'ಪುಟ್ಟ ಗಂಟು'. ಅಷ್ಟೇ. ಇದರಲ್ಲಿ ಕಾಯಿಲೆಯೂ ಇಲ್ಲ, ಭಯವೂ ಇಲ್ಲ.

ಇದೇ ಬಾಲ ನಮಗೆ ಗೊತ್ತಿರುವ ಬೇರೆ ಪದಗಳಲ್ಲೂ ಇದೆ. ಕ್ಯಾಪ್ಸೂಲ್ ಅಂದರೆ ಪುಟ್ಟ ಪೆಟ್ಟಿಗೆ. ಗ್ಲಾಬ್ಯೂಲ್ ಅಂದರೆ ಪುಟ್ಟ ಗೋಲ. ಗ್ರಾನ್ಯೂಲ್ ಅಂದರೆ ಪುಟ್ಟ ಕಾಳು. ಈ ಸಾಲಿನಲ್ಲಿ ನಾಡ್ಯೂಲನ್ನೂ ಕೂರಿಸಿಕೊಂಡರೆ ಅರ್ಥ ಮತ್ತೆ ಮರೆಯುವುದಿಲ್ಲ.

ಒಂದು ಸ್ವಾರಸ್ಯ ಹೇಳಲೇಬೇಕು. ಸಂಸ್ಕೃತದ 'ಗ್ರಂಥಿ' ಪದಕ್ಕೂ ಮೂಲ ಅರ್ಥ ಗಂಟು ಅಂತಲೇ. ಎರಡೂ ಭಾಷೆಯವರು ಹಗ್ಗದ ಗಂಟನ್ನು ನೋಡಿಯೇ ಮೈಯೊಳಗಿನ ಉಬ್ಬಿಗೆ ಹೆಸರು ಕೊಟ್ಟರು. ಆದರೆ ಕನ್ನಡದಲ್ಲಿ ಇವತ್ತು ಗ್ರಂಥಿ ಅಂದರೆ ರಸ ಒಸರುವ ಅಂಗ. ಈ ಬದಲಾವಣೆಯೇ ಮುಂದೆ ಒಂದು ದೊಡ್ಡ ಗೊಂದಲಕ್ಕೆ ಕಾರಣ. ಅದಕ್ಕೆ ಆಮೇಲೆ ಬರುತ್ತೇನೆ.

ಉಚ್ಚಾರಣೆ ಬಗ್ಗೆ ಎರಡು ಮಾತು. ನೋಡ್ ಅನ್ನುವಾಗ ಓಕಾರ ಉದ್ದ. ಅದನ್ನು ನೋಡಿ ಬಹಳ ಜನ 'ನೋಡ್ಯೂಲ್' ಅಂತ ಬರೆಯುತ್ತಾರೆ, ಓದುತ್ತಾರೆ. ಅದು ಸರಿಯಲ್ಲ. ಬ್ರಿಟಿಷ್ ಇಂಗ್ಲಿಷಿನಲ್ಲಿ 'ನಾಡ್ಯೂಲ್', ಅಮೆರಿಕದವರ ಬಾಯಲ್ಲಿ ಸುಮಾರಾಗಿ 'ನಾಜೂಲ್'. 'ಮಾಡ್ಯೂಲ್' ಜೊತೆ ಪ್ರಾಸ ಕೂಡುತ್ತದೆ ಅಂತ ನೆನಪಿಟ್ಟುಕೊಳ್ಳಿ. ಫೋನಿಗೆ ಮಾತಾಡಿ ಟೈಪ್ ಮಾಡಿಸುವವರು ಮಾತ್ರ ಒಮ್ಮೆ ತಿರುಗಿ ಓದಿ. ಎರಡು ಪದಕ್ಕೂ ಒಂದೇ ಅಕ್ಷರದ ವ್ಯತ್ಯಾಸ, ಕಿವಿಗೆ ಹತ್ತಿರ ಹತ್ತಿರ ಕೇಳಿಸುತ್ತವೆ.

ಪದ ಆರಿಸುವ ಮುಂಚೆ ನಾಲ್ಕು ಪ್ರಶ್ನೆ

ನಾನು ಅನುವಾದ ಮಾಡುವಾಗ ಕಾಗದದ ಅಂಚಿನಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುತ್ತೇನೆ. ಎಷ್ಟು ದೊಡ್ಡದು? ಒಳಗೆ ಗಟ್ಟಿಯೋ, ನೀರೋ? ಅದು ಅಲ್ಲಿ ಇರಬೇಕಾದದ್ದೋ, ಹೊಸದಾಗಿ ಎದ್ದದ್ದೋ? ಮಾತಾಡುತ್ತಿರುವವರು ಯಾರು?

ಮೊದಲ ಪ್ರಶ್ನೆ ಗಾತ್ರದ್ದು. ಇಲ್ಲಿ ಒಂದು ವಿಚಿತ್ರವಿದೆ. ಶ್ವಾಸಕೋಶದ ಸ್ಕ್ಯಾನ್ ಓದುವ ವೈದ್ಯರಿಗೆ 3 ಸೆಂಟಿಮೀಟರ್‌ವರೆಗಿನ ದುಂಡನೆಯ ಕಲೆ ನಾಡ್ಯೂಲ್. ಅದಕ್ಕಿಂತ ದೊಡ್ಡದಾದರೆ 'ಮಾಸ್'. ಅಂದರೆ ಅಲ್ಲಿ ನಾಡ್ಯೂಲ್ ಚಿಕ್ಕದರ ಹೆಸರು. ಚರ್ಮದ ವೈದ್ಯರ ಹತ್ತಿರ ಹೋದರೆ ಲೆಕ್ಕ ತಿರುಗುಮುರುಗಾಗುತ್ತದೆ. ಸುಮಾರು 1 ಸೆಂಟಿಮೀಟರ್‌ಗಿಂತ ಚಿಕ್ಕ ಗಟ್ಟಿ ಉಬ್ಬಿಗೆ ಅವರು 'ಪ್ಯಾಪ್ಯೂಲ್' ಅನ್ನುತ್ತಾರೆ. ಅದಕ್ಕಿಂತ ದೊಡ್ಡದಾಗಿ, ಚರ್ಮದ ಆಳಕ್ಕೂ ಇಳಿದಿದ್ದರೆ ನಾಡ್ಯೂಲ್. ಅಲ್ಲಿ ಅದು ದೊಡ್ಡದರ ಹೆಸರು! ಒಂದೇ ಪದ, ಜಾಗ ಬದಲಾದರೆ ತೂಕವೂ ಬದಲು. ಅದಕ್ಕೇ ನಾಡ್ಯೂಲ್ ಕಂಡ ತಕ್ಷಣ ಅದರ ಹಿಂದೆ ಮುಂದೆ ಯಾವ ಅಂಗದ ಹೆಸರಿದೆ ಅಂತ ನೋಡಿ.

ಎರಡನೆಯದು ಒಳಗೇನಿದೆ ಎಂಬುದು. ನಾಡ್ಯೂಲ್ ಅಂದಾಗ ಸಾಮಾನ್ಯವಾಗಿ ಗಟ್ಟಿಯಾದದ್ದು. ಒಳಗೆ ದ್ರವ ತುಂಬಿದ ಚೀಲದ ಹಾಗಿದ್ದರೆ ಸಿಸ್ಟ್. ಕೀವು ತುಂಬಿದ ಸಣ್ಣ ಗುಳ್ಳೆ 'ಪಸ್ಟ್ಯೂಲ್'. ಥೈರಾಯ್ಡ್ ವಿಷಯದಲ್ಲಿ ಮಾತ್ರ ಎರಡೂ ಬೆರೆತು 'ಸಿಸ್ಟಿಕ್ ನಾಡ್ಯೂಲ್' ಅಂತ ಬರುವುದುಂಟು. ಗಂಟಿನೊಳಗೆ ದ್ರವವೂ ಇದೆ ಅಂತ ಅರ್ಥ.

ಮೂರನೆಯ ಪ್ರಶ್ನೆಗೆ ಪ್ರತ್ಯೇಕ ಜಾಗವೇ ಬೇಕು. ಅತಿ ಹೆಚ್ಚು ತಪ್ಪು ಆಗುವುದು ಅಲ್ಲೇ.

ನೋಡ್ ಬೇರೆ, ನಾಡ್ಯೂಲ್ ಬೇರೆ

'ಲಿಂಫ್ ನೋಡ್' ನಮ್ಮೆಲ್ಲರ ಮೈಯಲ್ಲೂ ಇರುವ ಅಂಗ. ಒಂದಲ್ಲ, ನೂರಾರು ಇವೆ. ಕುತ್ತಿಗೆಯಲ್ಲಿ, ಕಂಕುಳಲ್ಲಿ, ತೊಡೆಸಂದಿನಲ್ಲಿ ಜಾಸ್ತಿ. ಸೋಂಕು ಬಂದಾಗ ಊದಿಕೊಳ್ಳುತ್ತವೆ, ಆಮೇಲೆ ಇಳಿಯುತ್ತವೆ. 'ಲಿಂಫ್ ನೋಡ್ಸ್ ಕಾಣಿಸಿವೆ' ಅಂತ ರಿಪೋರ್ಟ್ ಹೇಳಿದರೆ ಏನೋ ಹೊಸ ಗಂಟು ಎದ್ದಿದೆ ಅಂತ ಅರ್ಥವಲ್ಲ. ಇರಬೇಕಾದದ್ದು ಕಂಡಿದೆ, ಅಷ್ಟೇ. ಅದರ ಗಾತ್ರ, ಆಕಾರ ಹೇಗಿದೆ ಎಂಬುದು ಮುಂದಿನ ಮಾತು. ಕನ್ನಡದಲ್ಲಿ ಇದಕ್ಕೆ ದುಗ್ಧಗ್ರಂಥಿ ಅನ್ನುವ ರೂಢಿ ಇದೆ. ಅದನ್ನೇ ಬಳಸಿ.

ನಾಡ್ಯೂಲ್ ಹಾಗಲ್ಲ. ಅದು ಅಂಗದ ಒಳಗೋ ಮೇಲೋ ಆಮೇಲೆ ರೂಪುಗೊಂಡದ್ದು.

ದೇಹದಿಂದ ಆಚೆ ಬಂದರೆ ನೋಡ್ ಪದಕ್ಕೆ ಇನ್ನೂ ದೊಡ್ಡ ಸಂಸಾರವಿದೆ. ಗಿಡದ ಕಾಂಡದಲ್ಲಿ ಎಲೆ ಹೊರಡುವ ಜಾಗ ನೋಡ್. ನಮ್ಮ ಕನ್ನಡದಲ್ಲಿ ಅದಕ್ಕೆ ಗೆಣ್ಣು ಅನ್ನುವ ಚಂದದ ಪದವಿದೆ. ಬಿದಿರಿನ ಗೆಣ್ಣು, ಕಬ್ಬಿನ ಗೆಣ್ಣು. ಕಂಪ್ಯೂಟರ್ ಜಾಲದಲ್ಲಿ ಎಳೆಗಳು ಕೂಡುವ ಬಿಂದು ನೋಡ್. ಆಕಾಶದಲ್ಲಿ ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಎರಡು ಬಿಂದುಗಳೂ ನೋಡ್‌ಗಳೇ. ನಾವು ರಾಹು, ಕೇತು ಅನ್ನುವುದು ಇವನ್ನೇ. ಈ ಯಾವ ಜಾಗದಲ್ಲೂ ನಾಡ್ಯೂಲ್ ಬಳಸುವ ಹಾಗಿಲ್ಲ. ಸೇರುವ ಜಾಗ, ಕತ್ತರಿಸುವ ಜಾಗ ನೋಡ್. ಕೈಗೆ ಸಿಗುವ ಪುಟ್ಟ ಗಂಟು ನಾಡ್ಯೂಲ್.

ಒಂದೆರಡು ಕಡೆ ರೂಢಿ ಈ ನಿಯಮ ಮೀರಿದೆ. ಸಂಧಿವಾತದಲ್ಲಿ ಬೆರಳ ತುದಿಯ ಸಂದಿನ ಮೇಲೆ ಏಳುವ ಗಟ್ಟಿ ಉಬ್ಬಿಗೆ 'ಹೆಬರ್ಡೆನ್ಸ್ ನೋಡ್ಸ್' ಅನ್ನುತ್ತಾರೆ. ನಡುವಿನ ಸಂದಿನ ಮೇಲಿದ್ದರೆ 'ಬುಷಾರ್ಡ್ಸ್ ನೋಡ್ಸ್'. ಹಳೆಯ ವೈದ್ಯರ ಹೆಸರಿನ ಜೊತೆ ಅಂಟಿಕೊಂಡ ಪದ ಅದು, ಬದಲಿಸಲು ಹೋಗಬೇಡಿ.

ಲಂಪ್: ರೋಗಿಯ ಪದ

ನಾಲ್ಕನೆಯ ಪ್ರಶ್ನೆ ಮಾತಾಡುವವರು ಯಾರು ಎಂಬುದು. ಇಂಗ್ಲಿಷಿನವರು ಸ್ನಾನ ಮಾಡುವಾಗ ಕೈಗೆ ಏನೋ ತಗುಲಿದರೆ 'ಐ ಫೌಂಡ್ ಎ ಲಂಪ್' ಅನ್ನುತ್ತಾರೆ. 'ಐ ಫೌಂಡ್ ಎ ನಾಡ್ಯೂಲ್' ಅನ್ನುವುದಿಲ್ಲ. ಅದೇ ವ್ಯಕ್ತಿಯ ಸ್ಕ್ಯಾನ್ ರಿಪೋರ್ಟ್ ಮಾತ್ರ ನಾಡ್ಯೂಲ್ ಅನ್ನುತ್ತದೆ. ಲಂಪ್ ಕೈಬೆರಳಿನ ಪದ, ನಾಡ್ಯೂಲ್ ಯಂತ್ರದ ಪದ. ನೀವು ಕಥೆ ಬರೆಯುತ್ತಿದ್ದರೆ ಪಾತ್ರದ ಬಾಯಿಗೆ ನಾಡ್ಯೂಲ್ ಕೊಡಬೇಡಿ, ಪಾತ್ರ ವೈದ್ಯರಾಗಿದ್ದರೆ ಬೇರೆ ಮಾತು.

ಲಂಪ್‌ಗೆ ಇನ್ನೊಂದು ಗುಣವಿದೆ. ಅದಕ್ಕೆ ಆಕಾರದ ಹಂಗಿಲ್ಲ. ಮಣ್ಣಿನದು, ಕಲ್ಲಿದ್ದಲಿನದು, ಸಕ್ಕರೆಯದು, ಏನಾದರೂ ಸರಿ. 'ಎ ಲಂಪ್ ಆಫ್ ಕ್ಲೇ' ಸಹಜ. 'ಎ ನಾಡ್ಯೂಲ್ ಆಫ್ ಕ್ಲೇ' ಅಂದರೆ ಭೂವಿಜ್ಞಾನಿ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. ಕನ್ನಡದಲ್ಲಿ ಲಂಪ್‌ಗೆ ಒಂದೇ ಪದ ಹುಡುಕಬೇಡಿ. ಮಣ್ಣಿನದಾದರೆ ಮುದ್ದೆ ಅಥವಾ ಹೆಂಟೆ. ಕಲಸಿದ ಹಿಟ್ಟಿನಲ್ಲಿ ಉಳಿದದ್ದಾದರೆ ಗಂಟು. ಕಲ್ಲಿದ್ದಲಾದರೆ ತುಂಡು.

ಲಂಪ್ ಸೇರಿದ ನುಡಿಗಟ್ಟುಗಳು ಬಂದಾಗ ಉಬ್ಬನ್ನು ಪೂರ್ತಿ ಮರೆತುಬಿಡಿ. 'ಲಂಪ್ ಇನ್ ದಿ ಥ್ರೋಟ್' ಅಂತ ಕಥೆಯಲ್ಲಿ ಬಂದರೆ ಗಂಟಲಲ್ಲಿ ಗಂಟು ಅಲ್ಲ, ಗಂಟಲು ಉಬ್ಬಿ ಬಂತು ಅಂತ. 'ಲಂಪ್ ಸಮ್' ಅಂದರೆ ಇಡಿಗಂಟು. ಇಲ್ಲಿ ನಮ್ಮ ಭಾಷೆಯೂ ಗಂಟನ್ನೇ ಆರಿಸಿಕೊಂಡಿರುವುದು ನನಗೆ ಬಹಳ ಇಷ್ಟ. 'ಲಂಪ್ ಟುಗೆದರ್' ಅಂದರೆ ಬೇರೆ ಬೇರೆಯವರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು.

ಉಳಿದ ನೆಂಟರನ್ನು ಬೇಗ ನೋಡಿಬಿಡೋಣ. ಬಂಪ್ ಅಂದರೆ ಪೆಟ್ಟು ಬಿದ್ದು ಎದ್ದದ್ದು. ತಲೆ ಬಾಗಿಲಿಗೆ ಬಡಿದರೆ ಬರುವ ಬುಗುಟು. ರಸ್ತೆಯ ಉಬ್ಬೂ ಬಂಪ್. ಕ್ಲಾಡ್ ಅಂದರೆ ಉತ್ತ ಹೊಲದ ಹೆಂಟೆ, ಮಣ್ಣಿಗೆ ಮಾತ್ರ. ಕ್ಲಾಟ್ ಅಂದರೆ ಹೆಪ್ಪು, ರಕ್ತಕ್ಕೆ. ಒಂದೇ ಅಕ್ಷರ ತಪ್ಪಿದರೂ ಅರ್ಥ ಎಲ್ಲಿಗೋ ಹೋಗುತ್ತದೆ. ಕ್ಲಂಪ್ ಅಂದರೆ ಒತ್ತಾಗಿ ಸೇರಿದ ಗುಂಪು, ಬಿದಿರಿನ ಮೆಳೆಯ ಹಾಗೆ. ಹಂಪ್ ಅಂದರೆ ಬೆನ್ನಿನ ದೊಡ್ಡ ಉಬ್ಬು, ಒಂಟೆಯ ಡುಬ್ಬ. ನಾಬ್ ಅಂದರೆ ಕೈಯಲ್ಲಿ ಹಿಡಿದು ತಿರುಗಿಸುವ ಗುಂಡನೆಯ ಹಿಡಿ. ಬ್ರಿಟನ್ನಿನ ಅಡುಗೆ ಪುಸ್ತಕಗಳಲ್ಲಿ 'ಎ ನಾಬ್ ಆಫ್ ಬಟರ್' ಅಂತ ಬಂದರೆ ಒಂದು ಸಣ್ಣ ಉಂಡೆ ಬೆಣ್ಣೆ. ನಬ್ ಅಂದರೆ ಸವೆದು ಉಳಿದ ಮೊಂಡು ತುದಿ. ಆದರೆ 'ದಿ ನಬ್ ಆಫ್ ದಿ ಮ್ಯಾಟರ್' ಅಂದರೆ ವಿಷಯದ ತಿರುಳು. ನಗೆಟ್ ಅಂದರೆ ನೆಲದಲ್ಲಿ ಹಾಗೆಯೇ ಸಿಗುವ ಚಿನ್ನದ ಗಟ್ಟಿ. 1869ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಸಿಕ್ಕ 'ವೆಲ್‌ಕಮ್ ಸ್ಟ್ರೇಂಜರ್' ಎಂಬ ಹೆಸರಿನ ಗಟ್ಟಿ ಬಹಳ ಪ್ರಸಿದ್ಧ. ನಗೆಟ್‌ನಲ್ಲಿ ಬೆಲೆಬಾಳುವ ಅರ್ಥ ಹೆಚ್ಚಾಗಿ ಇದೆ. ಅದಕ್ಕೇ ಒಳ್ಳೆಯ ಸಣ್ಣ ಮಾಹಿತಿಗೂ ನಗೆಟ್ ಅನ್ನುತ್ತಾರೆ. ಕಾಯಿಲೆಯ ಗಂಟಿಗೆ ಯಾರೂ ನಗೆಟ್ ಅನ್ನುವುದಿಲ್ಲ, ಅಲ್ವಾ?

ಗಡ್ಡೆ, ಗಂಟು, ಗ್ರಂಥಿ, ಗುಳ್ಳೆ

ಇನ್ನು ನಮ್ಮ ಭಾಷೆಯ ಕಡೆಗೆ ಬರೋಣ. ಚಿಕ್ಕಮ್ಮನಿಗೆ ಭಯ ಹುಟ್ಟಿಸಿದ್ದು ಇಲ್ಲಿನ ಮೊದಲ ಪದ.

ಗಡ್ಡೆ ಅಥವಾ ಗೆಡ್ಡೆ ಅಂದರೆ ನೆಲದೊಳಗೆ ಬೆಳೆಯುವ ದಪ್ಪ ಗೆಡ್ಡೆ. ಗೆಡ್ಡೆ ಗೆಣಸು ಅನ್ನುವುದಿಲ್ಲವೇ? ಅದೇ ಪದ ಮೈಯೊಳಗೆ ಬೆಳೆದ ಗೆಡ್ಡೆಗೂ ಬಂತು. ಲ್ಯಾಟಿನ್‌ನಲ್ಲೂ ಹೀಗೇ ಆಗಿದೆ. 'ಟ್ಯೂಬರ್' ಅಂದರೆ ಉಬ್ಬು. ಇಂಗ್ಲಿಷಿನಲ್ಲಿ ಅದು ಗಿಡದ ಗೆಡ್ಡೆಗೆ ಹೆಸರಾಯಿತು. ಅದರ ಮರಿ ರೂಪ 'ಟ್ಯೂಬರ್ಕಲ್', ಪುಟ್ಟ ಗೆಡ್ಡೆ. ಕ್ಷಯರೋಗದಲ್ಲಿ ಶ್ವಾಸಕೋಶದೊಳಗೆ ಇಂಥ ಪುಟ್ಟ ಗೆಡ್ಡೆಗಳು ಕಂಡದ್ದರಿಂದಲೇ ಆ ರೋಗಕ್ಕೆ ಟ್ಯೂಬರ್ಕ್ಯುಲೋಸಿಸ್ ಎಂಬ ಹೆಸರು. ಅದರ ರೋಗಾಣುವನ್ನು ಕಂಡುಹಿಡಿದೆ ಎಂದು ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಸಾರಿದರು. ನಾವು ದಿನಾ ಬಳಸುವ 'ಟಿಬಿ'ಯ ಹಿಂದೆಯೂ ಒಂದು ಪುಟ್ಟ ಗೆಡ್ಡೆ ಇದೆ.

ಆದರೆ ಇವತ್ತಿನ ಕನ್ನಡದಲ್ಲಿ ಗಡ್ಡೆ ಅಂದ ಕೂಡಲೇ ಮನಸ್ಸು ಹೋಗುವುದು ಕ್ಯಾನ್ಸರಿನ ಕಡೆಗೆ. 'ಟ್ಯೂಮರ್' ಪದಕ್ಕೆ ನಾವು ಗಡ್ಡೆಯನ್ನು ಕೊಟ್ಟಾಗಿದೆ. ಹಾಗಾಗಿ ನಾಡ್ಯೂಲನ್ನು ಗಡ್ಡೆ ಅನ್ನಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಥೈರಾಯ್ಡ್ ನಾಡ್ಯೂಲ್‌ಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಕ್ಯಾನ್ಸರ್ ಅಲ್ಲ. ಬಹುಪಾಲು ಜನರಿಗೆ ಸಲ್ಲದ ಭಯವನ್ನು ಒಂದು ಪದದಿಂದ ಕೊಡುವುದು ಸರಿಯೇ? ಹಾಗಂತ ಟ್ಯೂಮರ್ ಅಂತಲೇ ಬರೆದಿದ್ದರೆ ಅದನ್ನು ಸಣ್ಣ ಗಂಟು ಅಂತ ಮುಚ್ಚಿಡುವುದೂ ಸರಿಯಲ್ಲ. ರಿಪೋರ್ಟ್ ಹೇಳಿದಷ್ಟನ್ನೇ ಹೇಳಿ.

ಗ್ರಂಥಿಯ ಗೊಂದಲ ಇನ್ನೊಂದು ಬಗೆಯದು. ಥೈರಾಯ್ಡೇ ಒಂದು ಗ್ರಂಥಿ. ಅದರೊಳಗಿನ ನಾಡ್ಯೂಲನ್ನೂ ಗ್ರಂಥಿ ಅಂದರೆ 'ಗ್ರಂಥಿಯಲ್ಲಿ ಗ್ರಂಥಿ ಇದೆ' ಎಂಬ ವಾಕ್ಯ ಹುಟ್ಟುತ್ತದೆ. ಇಂಥ ಸಾಲನ್ನು ಅಚ್ಚಿನಲ್ಲೇ ಕಂಡಿದ್ದೇನೆ. ಓದುಗರು ಏನು ತಿಳಿದುಕೊಳ್ಳಬೇಕು? ಗ್ರಂಥಿಯನ್ನು ಅಂಗಕ್ಕೆ ಬಿಟ್ಟುಬಿಡಿ. ನಾಡ್ಯೂಲ್‌ಗೆ ಗಂಟು ಬಳಸಿ. ಮಾತಿನಲ್ಲಿ 'ಸಣ್ಣ ಗಂಟು', ಬರಹದಲ್ಲಿ ಬೇಕಿದ್ದರೆ 'ಕಿರುಗಂಟು'. 'ಥೈರಾಯ್ಡ್ ಗ್ರಂಥಿಯಲ್ಲಿ ಒಂದು ಸಣ್ಣ ಗಂಟು ಕಂಡಿದೆ.' ಎಷ್ಟು ತಿಳಿಯಾಗಿದೆ ನೋಡಿ.

ಗಂಟು ಪದಕ್ಕೂ ಒಂದು ತೊಡಕಿದೆ. ಕನ್ನಡದಲ್ಲಿ ಅದು ಬಹಳ ದುಡಿಯುವ ಪದ. ಬಟ್ಟೆಯ ಗಂಟು, ದುಡ್ಡಿನ ಗಂಟು, ಹುಬ್ಬಿನ ಗಂಟು ಎಲ್ಲ ಇವೆ. ಮೂಳೆಗಳ ಕೀಲಿಗೂ ಗಂಟು ಅನ್ನುತ್ತೇವೆ, ಗಂಟುನೋವು ಅನ್ನುವಾಗ. ಅದಕ್ಕೇ ಬೆರಳಿನ ವಿಷಯ ಬಂದಾಗ ಎಚ್ಚರ ಬೇಕು. 'ಬೆರಳ ಗಂಟಿನ ಮೇಲೆ ಗಂಟು' ಅಂತ ಬರೆದರೆ ಓದುಗರು ತಡವರಿಸುತ್ತಾರೆ. 'ಬೆರಳ ಸಂದಿನ ಮೇಲೆ ಎದ್ದ ಗಟ್ಟಿ ಗಂಟು' ಅನ್ನಿ. ಕೀಲಿಗೆ ಸಂದು, ಉಬ್ಬಿಗೆ ಗಂಟು ಅಂತ ಹಂಚಿಕೊಟ್ಟರೆ ಮುಗಿಯಿತು.

ಗುಳ್ಳೆಯನ್ನು ಚರ್ಮದ ಮೇಲಿನ ಸಣ್ಣದಕ್ಕೆ, ನೀರೋ ಕೀವೋ ತುಂಬಿದ್ದಕ್ಕೆ ಇಟ್ಟುಕೊಳ್ಳಿ. ಕುರು ಅಂದರೆ ನೋವು, ಕೀವು ಇರುವಂಥದ್ದು. ಬಾವು ಅಂದರೆ ಊತ, ಗಂಟಲ್ಲ. ನರಹುಲಿ ಬೇರೆಯೇ. ಹಳಬರು ಇವನ್ನು ಎಂದೂ ಬೆರೆಸುತ್ತಿರಲಿಲ್ಲ. ನಮ್ಮ ಅಜ್ಜಿ ಕೈ ಇಟ್ಟು ನೋಡಿಯೇ "ಇದು ಕುರುವಲ್ಲ, ಗಂಟು" ಅಂತ ಹೇಳುತ್ತಿದ್ದರು. ಒತ್ತಿದರೆ ಜರುಗುತ್ತದೆಯೇ, ನೋಯುತ್ತದೆಯೇ, ಬಿಸಿ ಇದೆಯೇ ಅಂತ ಬೆರಳಲ್ಲೇ ಕೇಳುತ್ತಿದ್ದರು. ನಾಲ್ಕು ಪ್ರಶ್ನೆ ಕೇಳುವ ಅಭ್ಯಾಸ ನನಗೆ ಬಂದದ್ದು ಬಹುಶಃ ಅಲ್ಲಿಂದಲೇ.

ಒಂದು ಬೇರನ್ನು ಕೈಗೆತ್ತಿಕೊಂಡು ನೋಡಿ

ನಾಡ್ಯೂಲ್ ಅಂದರೆ ಕಾಯಿಲೆ ಎಂಬ ಭಾವನೆ ಹೋಗಬೇಕಾದರೆ ಒಂದು ಕೆಲಸ ಮಾಡಿ. ಅವರೆ, ಹುರುಳಿ, ಶೇಂಗಾ, ಬಟಾಣಿ, ಯಾವುದಾದರೂ ಕಾಯಿಬಿಡುವ ದ್ವಿದಳದ ಗಿಡ ಸಿಕ್ಕರೆ ಅದರ ಬೇರು ನೋಡಿ. ಕಿತ್ತರೆ ಗಂಟುಗಳು ಮಣ್ಣಲ್ಲೇ ಕಳಚಿ ಉಳಿಯುತ್ತವೆ. ಅದಕ್ಕೆ ಸುತ್ತ ಅಗೆದು, ಮಣ್ಣಿನ ಸಮೇತ ಎತ್ತಿ, ನೀರಿನಲ್ಲಿ ಮೆಲ್ಲಗೆ ಅಲ್ಲಾಡಿಸಿ ತೊಳೆಯಿರಿ. ಬೇರಿನ ಪಕ್ಕಕ್ಕೆ ಮಣಿ ಅಂಟಿಸಿದ ಹಾಗೆ ಪುಟ್ಟ ಪುಟ್ಟ ಗಂಟುಗಳು ಕಾಣುತ್ತವೆ. ಇವು 'ರೂಟ್ ನಾಡ್ಯೂಲ್ಸ್'.

ಒಂದನ್ನು ಬಿಡಿಸಿ ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಅದು ಕೆಲಸ ಮಾಡುತ್ತಿದೆ. ಆ ಕೆಂಪು ಬಣ್ಣ 'ಲೆಗ್‌ಹೀಮೋಗ್ಲೋಬಿನ್' ಎಂಬ ವಸ್ತುವಿನದು. ನಮ್ಮ ರಕ್ತದ ಹೀಮೋಗ್ಲೋಬಿನ್‌ಗೆ ನೆಂಟ. ಒಳಗಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುತ್ತದೆ. ಬದಲಿಗೆ ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಒಳಗೆ ಬೆಳ್ಳಗಿದ್ದರೆ ಇನ್ನೂ ಎಳೆಯದು, ಹಸಿರೋ ಕಂದೋ ಆಗಿದ್ದರೆ ಹಳೆಯದಾಗಿದೆ. ಈ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು 1888ರಲ್ಲಿ ಬೇರ್ಪಡಿಸಿ ಬೆಳೆಸಿದವರು ಮಾರ್ಟಿನಸ್ ಬೈಯರಿಂಕ್.

ಇಲ್ಲೂ ಒಂದು ಸಮಾನಾರ್ಥಕದ ಬಲೆ ಇದೆ. ಜಂತುಹುಳು ತಗುಲಿದ ಬೇರಿನಲ್ಲೂ ಉಬ್ಬುಗಳು ಏಳುತ್ತವೆ. ಇಂಗ್ಲಿಷಿನಲ್ಲಿ ಅವಕ್ಕೆ 'ಗಾಲ್' ಅಥವಾ 'ರೂಟ್ ನಾಟ್' ಅನ್ನುತ್ತಾರೆ, ನಾಡ್ಯೂಲ್ ಅನ್ನುವುದಿಲ್ಲ. ಗುರುತಿಸುವುದು ಸುಲಭ. ನಾಡ್ಯೂಲ್ ಬೇರಿನ ಪಕ್ಕದಲ್ಲಿರುತ್ತದೆ, ಉಜ್ಜಿದರೆ ಕಳಚುತ್ತದೆ. ಗಾಲ್‌ನಲ್ಲಿ ಬೇರೇ ಊದಿಕೊಂಡಿರುತ್ತದೆ, ಬೇರು ಹರಿಯದೆ ಅದು ಬರುವುದಿಲ್ಲ. ಕನ್ನಡದಲ್ಲಿ ಎರಡಕ್ಕೂ ಬೇರುಗಂಟು ಅಂದುಬಿಟ್ಟರೆ ಗಿಡದ ಉಪಕಾರಿಯೂ ಶತ್ರುವೂ ಒಂದೇ ಹೆಸರಿನವರಾಗುತ್ತಾರೆ. ಒಳ್ಳೆಯದಕ್ಕೆ 'ಸಾರಜನಕದ ಗಂಟು', ರೋಗದ್ದಕ್ಕೆ 'ಹುಳುಗಂಟು' ಅಂತ ಬರೆಯುವುದು ನನಗೆ ಸರಿ ಕಾಣುತ್ತದೆ.

ಸಮುದ್ರದ ತಳದಲ್ಲೂ ನಾಡ್ಯೂಲ್‌ಗಳಿವೆ. ಮ್ಯಾಂಗನೀಸ್ ನಾಡ್ಯೂಲ್‌ಗಳು. 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದ ಬ್ರಿಟನ್ನಿನ 'ಚಾಲೆಂಜರ್' ಹಡಗು ಇವನ್ನು ಮೇಲೆತ್ತಿತು. ಸಾಮಾನ್ಯವಾಗಿ 4,000ದಿಂದ 6,000 ಮೀಟರ್ ಆಳದಲ್ಲಿ ಹರಡಿಕೊಂಡಿರುತ್ತವೆ. ಒಂದು ಶಾರ್ಕ್ ಹಲ್ಲೋ ಚಿಪ್ಪಿನ ಚೂರೋ ಸಿಕ್ಕರೆ ಅದರ ಸುತ್ತ ಲೋಹದ ಪದರಗಳು ಕೂರುತ್ತಾ ಹೋಗುತ್ತವೆ. 10 ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳವಣಿಗೆ! ಎಷ್ಟೋ ಗಂಟುಗಳು ಆಲೂಗಡ್ಡೆ ಗಾತ್ರದವು. ಇವನ್ನೂ ಕನ್ನಡದಲ್ಲಿ 'ಮ್ಯಾಂಗನೀಸ್ ಗಂಟು' ಅನ್ನಬಹುದು. 'ಗಟ್ಟಿ' ಅಂದರೆ ಕರಗಿಸಿ ಎರಕ ಹೊಯ್ದದ್ದು ಅನ್ನಿಸಿಬಿಡುತ್ತದೆ.

ಕಬ್ಬಿಣದ ಕೆಲಸದವರಿಗೂ ಈ ಪದ ಗೊತ್ತು. ಎರಕದ ಕಬ್ಬಿಣದೊಳಗಿನ ಗ್ರಾಫೈಟ್ ಚಕ್ಕೆಗಳ ರೂಪದಲ್ಲಿದ್ದರೆ ಅದು ಬೇಗ ಬಿರಿಯುತ್ತದೆ. ಸ್ವಲ್ಪ ಮೆಗ್ನೀಸಿಯಂ ಸೇರಿಸಿದರೆ ಗ್ರಾಫೈಟ್ ಪುಟ್ಟ ಗುಂಡುಗಳಾಗುತ್ತದೆ, ಕಬ್ಬಿಣ ಬಾಗುವ ಗುಣ ಪಡೆಯುತ್ತದೆ. ಅದೇ 'ನಾಡ್ಯುಲರ್ ಐರನ್'.

ರಿಪೋರ್ಟ್ ಕೈಗೆ ಬಂದಾಗ

ಈಗ ರಿಪೋರ್ಟಿನ ಸಾಲನ್ನು ಓದುವ ಕ್ರಮ. ನಾಡ್ಯೂಲ್ ಪದದ ಮೇಲೆ ಕಣ್ಣು ನಿಲ್ಲಿಸಬೇಡಿ. ಅದರ ಅಕ್ಕಪಕ್ಕದ ಪದಗಳೇ ಮುಖ್ಯ.

ಮೊದಲು ಅಳತೆ ನೋಡಿ, ಮಿಲಿಮೀಟರೋ ಸೆಂಟಿಮೀಟರೋ ಅಂತ ಎರಡು ಸಲ ಓದಿ. 6 ಮಿಲಿಮೀಟರನ್ನು 6 ಸೆಂಟಿಮೀಟರ್ ಅಂತ ಓದಿ ಗಾಬರಿಯಾದವರಿದ್ದಾರೆ. ಆಮೇಲೆ ಎಣಿಕೆ. 'ಸಾಲಿಟರಿ' ಅಂದರೆ ಒಂಟಿ, 'ಮಲ್ಟಿಪಲ್' ಅಂದರೆ ಹಲವು. 'ಮಲ್ಟಿನಾಡ್ಯುಲರ್ ಗಾಯ್ಟರ್' ಅಂದರೆ ಹಲವು ಗಂಟುಗಳಿರುವ ಗಳಗಂಡ. ಆಮೇಲೆ ಗುಣ. 'ಸಾಲಿಡ್' ಅಂದರೆ ಗಟ್ಟಿ. 'ಕ್ಯಾಲ್ಸಿಫೈಡ್' ಅಂದರೆ ಸುಣ್ಣದಂಶ ಕೂಡಿಕೊಂಡದ್ದು. 'ಬಿನೈನ್' ಅಂದರೆ ಅಪಾಯವಿಲ್ಲದ್ದು, 'ಮ್ಯಾಲಿಗ್ನೆಂಟ್' ಅಂದರೆ ಕ್ಯಾನ್ಸರ್. ಇವೆರಡರ ನಡುವೆ 'ಇಂಡಿಟರ್ಮಿನೇಟ್' ಅಂತ ಬರುತ್ತದೆ. ಅದು ಕೆಟ್ಟ ಸುದ್ದಿಯ ಮೆತ್ತನೆ ಹೆಸರಲ್ಲ. ಇಷ್ಟರಿಂದ ತೀರ್ಮಾನಿಸಲು ಆಗುವುದಿಲ್ಲ, ಇನ್ನೊಂದು ಪರೀಕ್ಷೆ ಬೇಕು ಅಂತ ಅರ್ಥ. ಕನ್ನಡದಲ್ಲಿ 'ಇನ್ನೂ ಖಚಿತವಾಗಿಲ್ಲ' ಅನ್ನಿ. ಕೊನೆಯಲ್ಲಿ 'ಇಂಪ್ರೆಶನ್' ಎಂಬ ಭಾಗ ಇರುತ್ತದೆ. ಇಡೀ ರಿಪೋರ್ಟಿನ ಸಾರ ಅಲ್ಲಿದೆ. ಓದಿ ಹೇಳುವವರು ಅಲ್ಲಿಂದ ಶುರು ಮಾಡಿದರೆ ಒಳ್ಳೆಯದು. ಮುಂದೇನು ಮಾಡಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ನಮ್ಮ ಕೆಲಸ ಪದಗಳನ್ನು ನಿಜವಾದ ತೂಕದಲ್ಲಿ ದಾಟಿಸುವುದು ಮಾತ್ರ.

ಇಂಗ್ಲಿಷಿನಲ್ಲಿ ನೀವೇ ಬರೆಯುವುದಾದರೆ ಒಂದು ಸಣ್ಣ ವಿಷಯ. ಅಂಗದ ಒಳಗಿದ್ದರೆ 'ಇನ್', ಮೇಲ್ಮೈಯಲ್ಲಿದ್ದರೆ 'ಆನ್'. 'ಎ ನಾಡ್ಯೂಲ್ ಇನ್ ದಿ ಥೈರಾಯ್ಡ್', ಆದರೆ 'ನಾಡ್ಯೂಲ್ಸ್ ಆನ್ ದಿ ವೋಕಲ್ ಕಾರ್ಡ್ಸ್'. ಈ ಎರಡನೆಯದು ಹಾಡುಗಾರರಿಗೆ, ಶಿಕ್ಷಕರಿಗೆ ಚೆನ್ನಾಗಿ ಗೊತ್ತು. ದನಿಗೆ ಜಾಸ್ತಿ ಕೆಲಸ ಕೊಟ್ಟಾಗ ಧ್ವನಿತಂತುಗಳ ಮೇಲೆ ಏಳುವ ಗಂಟುಗಳು ಅವು. ಸಾಮಾನ್ಯವಾಗಿ ಎರಡೂ ತಂತುಗಳ ಮೇಲೆ, ಎದುರುಬದುರಾಗಿ ಬರುತ್ತವೆ. ಒಂದೇ ಕಡೆ ಇದ್ದರೆ 'ಪಾಲಿಪ್' ಎಂಬ ಬೇರೆ ಹೆಸರು ಕೇಳಿಬರುವುದು ಹೆಚ್ಚು. ಎರಡನ್ನೂ ಒಂದೇ ಅಂತ ಬರೆಯಬೇಡಿ. ನಾಡ್ಯೂಲ್ ಆದರೆ ದನಿಗೆ ವಿಶ್ರಾಂತಿ, ದನಿಯ ತರಬೇತಿಯಿಂದಲೇ ಎಷ್ಟೋ ಸಲ ಇಳಿಯುತ್ತವೆ.

ಕೈ ಪಳಗಲು ಐದು ವಾಕ್ಯ

ಮೊದಲು ಉತ್ತರ ಮುಚ್ಚಿಕೊಂಡು ನೀವೇ ಯೋಚಿಸಿ.

'ಅಲ್ಟ್ರಾಸೌಂಡ್ ಶೋಡ್ ಎ ಸಾಲಿಡ್ ನಾಡ್ಯೂಲ್ ಇನ್ ದಿ ರೈಟ್ ಲೋಬ್.' ಅಲ್ಟ್ರಾಸೌಂಡಿನಲ್ಲಿ ಬಲ ಹಾಲೆಯಲ್ಲಿ, ಅಂದರೆ ಅಂಗದ ಬಲಭಾಗದಲ್ಲಿ, ಒಂದು ಗಟ್ಟಿ ಗಂಟು ಕಂಡಿದೆ.

'ದಿ ಲಿಂಫ್ ನೋಡ್ಸ್ ಆರ್ ನಾರ್ಮಲ್ ಇನ್ ಸೈಜ್.' ದುಗ್ಧಗ್ರಂಥಿಗಳ ಗಾತ್ರ ಸರಿಯಾಗಿದೆ. ಇಲ್ಲಿ ಗಂಟು ಅಂದರೆ ತಪ್ಪು.

'ಹಿ ಸ್ಪೋಕ್ ವಿತ್ ಎ ಲಂಪ್ ಇನ್ ಹಿಸ್ ಥ್ರೋಟ್.' ಮಾತಾಡುವಾಗ ಅವನ ಗಂಟಲು ಉಬ್ಬಿ ಬಂದಿತ್ತು.

'ದಿ ಚೈಲ್ಡ್ ಫೆಲ್ ಅಂಡ್ ಗಾಟ್ ಎ ಬಂಪ್ ಆನ್ ದಿ ಫೋರ್‌ಹೆಡ್.' ಮಗು ಬಿದ್ದು ಹಣೆಯ ಮೇಲೆ ಬುಗುಟು ಬಂತು.

ಐದನೆಯದು ಚಿಕ್ಕಮ್ಮನ ರಿಪೋರ್ಟಿನ ಸಾಲು. 'ಎ ಸ್ಮಾಲ್ ಬಿನೈನ್ ನಾಡ್ಯೂಲ್, 6 ಎಂಎಂ, ಇನ್ ದಿ ಥೈರಾಯ್ಡ್.' ಅವತ್ತು ಫೋನಿನಲ್ಲಿ ನಾನು ಹೇಳಿದ್ದು ಇಷ್ಟು: "ಚಿಕ್ಕಮ್ಮ, ಅದು ಗಡ್ಡೆ ಅಲ್ಲ. ಥೈರಾಯ್ಡ್‌ನಲ್ಲಿ ಒಂದು ಸಣ್ಣ ಗಂಟು, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು. ಅಪಾಯವಿಲ್ಲದ್ದು ಅಂತಲೇ ಬರೆದಿದ್ದಾರೆ. ನಾಳೆ ಡಾಕ್ಟರಿಗೆ ಇದನ್ನೇ ತೋರಿಸಿ." ಸ್ವಲ್ಪ ಹೊತ್ತು ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಆಮೇಲೆ ಚಿಕ್ಕಮ್ಮ ಕೇಳಿದರು, "ಹೆಸರುಕಾಳಾ? ಅಷ್ಟೇನಾ?"